ವಧುವಿನ ಕೋಣೆಗೆ ಹೋದವರು ಯಾರು?

ನಂಬಲಾಗದ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಳಗೊಳಗೇ ನಗು. ಯಾರದೋ ಮನೆಯ ಮಹಡಿಯಲ್ಲಿ ಗೆಜ್ಜೆಯ ಸದ್ದು, ಇನ್ಯಾರದೋ ಕನಸಿಗೆ ಬಂದು ಕಳೆದುಹೋದ ಓಲೆಯ ಜಾಗ ತೋರಿಸಿದ ಅಜ್ಜಿ. ಇಂಥವನ್ನು ಎದುರಿಗೆ 'ಹೌದಾ, ಹೌದಾ' ಎಂದು ಕೇಳಿ, ಮನೆಗೆ ಬಂದ ಮೇಲೆ ಗಂಡನ ಮುಂದೆ ಅಣಕಿಸುತ್ತಿದ್ದವಳು ನಾನು. ಅವರು ಸುಳ್ಳು ಹೇಳುತ್ತಾರೆ ಎಂದಲ್ಲ. ದಣಿವು, ನಿದ್ದೆಗೇಡು, ಖಾಲಿ ಹೊಟ್ಟೆ, ಇವು ಮನುಷ್ಯನಿಗೆ ಏನನ್ನು ಬೇಕಾದರೂ ತೋರಿಸುತ್ತವೆ ಎಂಬುದು ನನ್ನ ತಿಳಿವಳಿಕೆಯಾಗಿತ್ತು. ಈಗಲೂ ಹೆಚ್ಚುಕಡಿಮೆ ಅದೇ. ಆದರೆ ನನ್ನ ಮೊದಲ ಮದುವೆಯ ದಿನ, ಅಂದರೆ ನಾನು ನಿಂತು ಮಾಡಿಸಿಕೊಟ್ಟ ಮೊದಲ ಮದುವೆಯ ದಿನ, ನಡೆದದ್ದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ನೀವು ನಂಬಲೇಬೇಕೆಂಬ ಹಟವಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಆಗ ನಾನು ಬಸವನಗುಡಿಯ ಒಂದು ಶಾಲೆಯ ಆಫೀಸಿನ ಕೆಲಸ ಬಿಟ್ಟು ಸ್ವಲ್ಪ ದಿನವಾಗಿತ್ತು. ನಮ್ಮ ಚಿಕ್ಕಮ್ಮನ ಮಗಳ ಮದುವೆ ಮಲ್ಲೇಶ್ವರದಲ್ಲಿ ನಡೆದಾಗ ಓಡಾಟವೆಲ್ಲ ನನ್ನ ಮೇಲೇ ಬಿದ್ದಿತ್ತು. ಅಡುಗೆಯವರ ಜೊತೆ ಊಟದ ಐಟಂ ಗೊತ್ತುಮಾಡುವುದರಿಂದ ಹಿಡಿದು, ಮುನಿಸಿಕೊಂಡ ಸೋದರತ್ತೆಯನ್ನು ಸಮಾಧಾನ ಮಾಡುವವರೆಗೆ. ಎಲ್ಲ ಮುಗಿದ ಮೇಲೆ ಯಾರೋ, 'ಇದನ್ನೇ ಕೆಲಸ ಮಾಡ್ಕೊಳೆ, ಈಗ ವೆಡ್ಡಿಂಗ್ ಪ್ಲಾನರ್ ಅಂತ ಇರ್ತಾರಂತೆ' ಎಂದರು. ಅವರು ತಮಾಷೆಗೆ ಹೇಳಿದ್ದು, ನಾನು ನಿಜವೆಂದು ಹಿಡಿದುಕೊಂಡೆ.

ಆ ದಿನಗಳು ನೆನಪಾದರೆ ಇವತ್ತೂ ಎದೆ ಹಗುರಾಗುತ್ತದೆ. ಹನುಮಂತನಗರದ ನಮ್ಮ ಮನೆಯ ಹಜಾರವೇ ಆಫೀಸು. ಸೆಕೆಂಡ್ ಹ್ಯಾಂಡ್ ಸ್ಕೂಟಿಯೊಂದಿತ್ತು. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಗಾಂಧಿಬಜಾರಿನಲ್ಲಿ ಹೂವು, ಬಾಳೆ ಎಲೆಯವರ ಜೊತೆ ಮಾತು, ಅಲ್ಲಿಂದ ಚಾಮರಾಜಪೇಟೆಯ ಛತ್ರಗಳು. ಹಳೆಯ ಛತ್ರಗಳಿಗೆಲ್ಲ ಒಂದೇ ವಾಸನೆ: ಆರಿದ ಸಾರು, ಒದ್ದೆ ಸುಣ್ಣ, ಹಿಂದಿನ ದಿನದ ಮಲ್ಲಿಗೆ. ಮ್ಯಾನೇಜರುಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಹುಡುಗಿ ಕಡೆಯೋರಾ, ಹುಡುಗನ ಕಡೆಯೋರಾ?' ಎಂದು ಕೇಳುತ್ತಿದ್ದರು. ಎರಡೂ ಅಲ್ಲ ಎಂದರೆ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ನನ್ನ ಅಮ್ಮನಿಗೂ ಅಷ್ಟೇ. 'ಕಂಡೋರ ಮನೆ ಮದುವೆಗೆ ಹೋಗಿ ಅಧಿಕಾರ ಮಾಡೋದೂ ಒಂದು ಕೆಲಸಾನಾ?' ಎನ್ನುತ್ತಿದ್ದಳು. ಎನ್ನುತ್ತಲೇ ನನಗೆ ಮಧ್ಯಾಹ್ನದ ಡಬ್ಬಿಯನ್ನೂ ಕಟ್ಟಿಕೊಡುತ್ತಿದ್ದಳು. ಅಪ್ಪ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದ. ನನ್ನ ಮದುವೆಯಾದ ಮೇಲೆ ಅಮ್ಮ ನಮ್ಮ ಜೊತೆಯಲ್ಲೇ ಇದ್ದಳು.

ಮೊದಲು ನನ್ನನ್ನು ನಂಬಿ ಕೆಲಸ ಕೊಟ್ಟವರು ಮಾವಳ್ಳಿಯ ಸರೋಜಮ್ಮ. ತರಕಾರಿ ಮಂಡಿ ನಡೆಸುವ ಮನೆತನ. ಗಂಡ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಒಬ್ಬಳೇ ಮಗಳು ಚೈತ್ರಾಳ ಮದುವೆ. ಮನೆಯ ಯಜಮಾನಿಕೆ ಸರೋಜಮ್ಮನ ಭಾವನವರದು. ಅವರನ್ನು ಚೈತ್ರ ದೊಡ್ಡಪ್ಪ ಎನ್ನುತ್ತಿದ್ದಳು, ನಾನೂ ಹಾಗೇ ಕರೆಯತೊಡಗಿದೆ. ಬಿಳಿ ಪಂಚೆ, ದಪ್ಪ ಮೀಸೆ, ಗಟ್ಟಿ ಗಂಟಲು. ಮೊದಲ ದಿನವೇ ಅವರು, 'ಮಂತ್ರ ಹೇಳೋಕೆ ಐನೋರವ್ರೆ, ಅಡುಗೆ ಮಾಡೋಕೆ ಭಟ್ರವ್ರೆ, ತಾಳಿ ಕಟ್ಟೋಕೆ ಹುಡ್ಗ ಅವ್ನೆ. ನೀವೇನಮ್ಮ ಮಾಡೋದು?' ಎಂದು ಕೇಳಿದ್ದರು. 'ಏನು ಬಿಟ್ಟುಹೋಗುತ್ತೋ ಅದನ್ನ ಮಾಡ್ತೀನಿ ದೊಡ್ಡಪ್ಪ' ಎಂದೆ. ಅವರು ಗಹಗಹಿಸಿ ನಕ್ಕರು. ಅವರೆಂದರೆ ನನಗೆ ಭಯವಿತ್ತು. ಅವರ ಮಾತಿಗೆ ಎದುರು ಮಾತಾಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಿನ್ನೆ ಮೊನ್ನೆ ಬಂದ ನನಗೆಲ್ಲಿಂದ ಬರಬೇಕು?

ಆ ಮನೆಯಲ್ಲಿ ಒಂದು ಮುಳ್ಳು ಇತ್ತು. ಧಾರೆ ಎರೆಯುವವರು ಯಾರು ಎಂಬುದು. ಅಪ್ಪ ಇಲ್ಲದ ಮೇಲೆ ಅಮ್ಮನೇ ಎರೆಯಲಿ ಎಂಬುದು ಚೈತ್ರಾಳ ಆಸೆ. ಗಂಡ ಸತ್ತವಳು ಮಂಟಪ ಹತ್ತುವುದುಂಟೇ ಎಂಬುದು ದೊಡ್ಡಪ್ಪನ ವಾದ. ದೊಡ್ಡಪ್ಪ ದೊಡ್ಡಮ್ಮ ಕೂತು ಎರೆಯುವುದೆಂದು ತೀರ್ಮಾನವಾಗಿತ್ತು. ಇದು ನನಗೆ ಗೊತ್ತಿದ್ದರೂ ಸಂಸಾರದ ಒಳಗಿನ ವಿಷಯವೆಂದು ದೂರ ಇದ್ದೆ.

ಮದುವೆ ಚಾಮರಾಜಪೇಟೆಯ ಒಂದು ಹಳೆಯ ಛತ್ರದಲ್ಲಿ. ಆ ಬೆಳಿಗ್ಗೆ ತಿಂಡಿಯ ಪಂಕ್ತಿ ನಡೆಯುತ್ತಿತ್ತು, ವಾಲಗದವರು ಶ್ರುತಿ ಹಿಡಿಯುತ್ತಿದ್ದರು, ಮುಹೂರ್ತಕ್ಕೆ ಹೆಚ್ಚು ಹೊತ್ತಿರಲಿಲ್ಲ. ನೋಡಿದರೆ ವಧೂವರರ ಹಾರಗಳೇ ಬಂದಿಲ್ಲ. ಹೂವಿನವನಿಗೆ ಫೋನು ಮಾಡಿದರೆ ಗಾಡಿ ಕೆಟ್ಟಿದೆ, ಇನ್ನೂ ಮಾರ್ಕೆಟ್ಟಿನಲ್ಲೇ ಇದ್ದೇನೆ ಎಂದ. ಫೋನನ್ನು ಛತ್ರದ ಆಫೀಸಿನಲ್ಲಿ ಚಾರ್ಜಿಗೆ ಹಾಕಿದ್ದೆ. ಅದನ್ನು ಅಲ್ಲೇ ಬಿಟ್ಟು, ಯಾರಿಗೂ ಹೇಳದೆ ಸಿಕ್ಕ ಆಟೋ ಹತ್ತಿಬಿಟ್ಟೆ.

ಮಾರ್ಕೆಟ್ಟಿನ ಹೂವಿನ ಸಾಲು ನೋಡಿದವರಿಗೆ ಗೊತ್ತು, ನೆಲವೆಲ್ಲ ನೀರು, ಕೊಳೆತ ಸೇವಂತಿಗೆ, ಬಾಳೆನಾರು. ಉಟ್ಟಿದ್ದ ಮೆರೂನ್ ಕಾಟನ್ ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಜನರನ್ನು ತಳ್ಳಿಕೊಂಡು ಹೋದೆ. ಹಾರಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಸಿ ಮಡಿಲಲ್ಲಿಟ್ಟುಕೊಂಡು ಅದೇ ಆಟೋದಲ್ಲಿ ವಾಪಸ್ಸು ಹೊರಟರೆ ರಸ್ತೆ ಕಟ್ಟಿಕೊಂಡಿತ್ತು. ಮುಂದೊಂದು ಬಸ್ಸು ಅಡ್ಡ ನಿಂತಿತ್ತು. 'ಇಳಿದು ನಡೆದ್ರೂ ಒಂದೇ, ಕೂತ್ರೂ ಒಂದೇ ಮೇಡಂ' ಎಂದ ಆಟೋದವನು. ಆ ಆಟೋದಲ್ಲಿ ಕೂತು ಹಣೆಯ ಬೆವರು ಒರೆಸಿಕೊಳ್ಳುತ್ತ, ಇದೇ ನನ್ನ ಮೊದಲ ಮದುವೆ, ಇದೇ ಕೊನೆಯದೂ ಆಗುತ್ತದೆ ಎಂದುಕೊಂಡದ್ದು ಚೆನ್ನಾಗಿ ನೆನಪಿದೆ. ನನ್ನ ಎಚ್ಚರ ತಪ್ಪಿರಲಿಲ್ಲ, ತೂಕಡಿಸಲಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದು ಮುಂದೆ ತಿಳಿಯುತ್ತದೆ.

ಛತ್ರದ ಬಾಗಿಲಲ್ಲಿ ಇಳಿದಾಗ ದೊಡ್ಡಪ್ಪ ಅಲ್ಲೇ ನಿಂತಿದ್ದರು. ಬೈಗುಳಕ್ಕೆ ಸಿದ್ಧಳಾದೆ. ಅವರು ನನ್ನನ್ನು, ಕೈಯಲ್ಲಿದ್ದ ಗಂಟನ್ನು ನೋಡಿ ಹುಬ್ಬು ಗಂಟಿಕ್ಕಿದರು.

'ಯಾವಾಗಮ್ಮ ಆಚೆ ಹೋದ್ರಿ? ಈಗ ತಾನೆ ಒಳಗೆ ಇದ್ರಲ್ಲ.'

'ಹಾರ ತರೋಕೆ ಹೋಗಿದ್ದೆ ದೊಡ್ಡಪ್ಪ...'

'ಆಯ್ತು, ಆಯ್ತು. ನೀವು ಹೇಳ್ದಂಗೇ ಆಗ್ಲಿ. ಸರೋಜನೇ ಎರೀಲಿ, ನಾನು ಪಕ್ಕದಲ್ಲಿ ನಿಂತ್ಕೋತೀನಿ. ಆ ಮಾತು ಕೇಳಿದ್ಮೇಲೆ ಬೇಡ ಅನ್ನೋಕೆ ನಂಗೂ ಬಾಯಿ ಬರ್ಲಿಲ್ಲ.'

ಅವರ ಕಣ್ಣು ಕೆಂಪಗಿತ್ತು. ಬೇರೆ ಯಾರನ್ನೋ ನಾನೆಂದುಕೊಂಡು ಮಾತಾಡುತ್ತಿದ್ದಾರೆ ಎನ್ನಿಸಿತು. ಕೇಳಲು ಹೊತ್ತೆಲ್ಲಿತ್ತು? ಪುರೋಹಿತರು ಒಳಗಿನಿಂದ ಹಾರ, ಹಾರ ಎಂದು ಕೂಗುತ್ತಿದ್ದರು. ಓಡಿದೆ.

ಮಂಟಪದಲ್ಲಿ ಸರೋಜಮ್ಮ ನಿಂತಿದ್ದರು. ಬೆಳಿಗ್ಗೆ ಮಾಸಲು ಬಣ್ಣದ ಸೀರೆಯಲ್ಲಿದ್ದವರು ಈಗ ಹಸಿರು ರೇಷ್ಮೆ ಉಟ್ಟಿದ್ದರು. ಗಟ್ಟಿಮೇಳ ಮೊಳಗಿದಾಗ ಅವರ ಕೈಯ ಗಿಂಡಿ ವಾಲಿ, ಧಾರೆಯ ಹಾಲು ನೀರು ಮಕ್ಕಳ ಕೈ ಮೇಲೆ ಅರ್ಧ, ಅವರ ಸೀರೆಯ ಮೇಲೆ ಅರ್ಧ ಬಿತ್ತು. ಪಿಸುಗುಟ್ಟಿದವರು ಇರಲಿಲ್ಲವೆಂದಲ್ಲ. ದೊಡ್ಡಪ್ಪ ಒಮ್ಮೆ ತಿರುಗಿ ನೋಡಿದರು, ಪಿಸುಮಾತು ನಿಂತಿತು. ಆಮೇಲೆ ಎಷ್ಟೋ ಮದುವೆಗಳನ್ನು ಮಾಡಿಸಿದ್ದೇನೆ, ಅಂಥ ಧಾರೆಯನ್ನು ಮತ್ತೆ ನೋಡಲಿಲ್ಲ.

ಊಟವೆಲ್ಲ ಮುಗಿದು, ಹೆಣ್ಣನ್ನು ಕಳಿಸಿಕೊಡುವ ಹೊತ್ತಿಗೆ ಚೈತ್ರಾಳ ಸಾಮಾನು ಜೋಡಿಸಲು ಅವಳ ಕೋಣೆಗೆ ಹೋದೆ. ಅವಳು ಬಾಗಿಲು ಮುಂದೆ ಮಾಡಿ ನನ್ನನ್ನು ತಬ್ಬಿಕೊಂಡಳು.

'ಅಕ್ಕ, ನೀವು ಬರ್ದಿದ್ರೆ ನಾನು ಆಚೆ ಬರ್ತಾನೇ ಇರ್ಲಿಲ್ಲ.'

ಎಲ್ಲಿಗೆ ಬಂದೆ ಎಂದು ಕೇಳಿದೆ. ಅವಳು ನಕ್ಕಳು. ಬೆಳಿಗ್ಗೆ ತಾನು ಈ ಕೋಣೆಯ ಚಿಲಕ ಹಾಕಿಕೊಂಡು, ಅಮ್ಮ ಎರೆಯದಿದ್ದರೆ ಹಸೆಮಣೆಯ ಮೇಲೆ ಕೂರುವುದಿಲ್ಲವೆಂದು ಹಟ ಹಿಡಿದದ್ದು, ದೊಡ್ಡಪ್ಪ ಬಾಗಿಲು ಬಡಿದು ಕೂಗಾಡಿದ್ದು, ಕೊನೆಗೆ ನನ್ನ ಧ್ವನಿ ಕೇಳಿ ತಾನು ಬಾಗಿಲು ತೆಗೆದದ್ದು, ಎಲ್ಲ ಹೇಳಿದಳು. ನಾನು ಒಳಗೆ ಬಂದು ಅವಳ ಪಕ್ಕ ಮಂಚದ ಮೇಲೆ ಕೂತೆನಂತೆ. ದೊಡ್ಡಪ್ಪನನ್ನೂ ಸರೋಜಮ್ಮನನ್ನೂ ಒಳಗೆ ಕರೆದೆನಂತೆ. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆನಂತೆ. ಆ ಕೋಣೆಯಲ್ಲಿ ನೆರಿಗೆ ಎತ್ತಿಕಟ್ಟಲು ಏನು ಕಾರಣವಿತ್ತು? ನಾನು ಹಾಗೆ ಕಟ್ಟಿದ್ದು ಮಾರ್ಕೆಟ್ಟಿನ ಕೆಸರಿಗೆ ಇಳಿದ ಮೇಲೆ.

'ನಾನು ಏನು ಹೇಳಿದೆ ಚೈತ್ರ?'

'ನಿಮ್ಮ ಅಮ್ಮನ ವಿಷಯ. ನಿಮ್ಮ ಮದುವೇಲಿ ಅವರು ಉಗ್ರಾಣದ ಬಾಗ್ಲು ಹಾಕ್ಕೊಂಡು, ಒಂದು ಕೊಳಗ ಬೋರಲು ಹಾಕಿ ಅದರ ಮೇಲೆ ಹತ್ತಿ, ಮೇಲಿನ ಕಿಟಕಿಯಿಂದ ಧಾರೆ ನೋಡಿದ್ದು. ಅಕ್ಷತೆ ಎರಚಿದ್ದು ಮಂಟಪದ ತನಕ ಬರ್ದೆ, ಕಿಟಕಿ ಆಚೆ ಬಿಟ್ಟಿದ್ದ ಚಪ್ಪಲಿ ಮೇಲೆ ಬಿದ್ದಿದ್ದು.'

ಕೈಯಲ್ಲಿದ್ದ ಸೀರೆಯನ್ನು ಮಡಿಸುತ್ತಲೇ ಇದ್ದೆ, ಯಾವ ಸೀರೆಯೆಂದು ನೆನಪಿಲ್ಲ. ನನ್ನ ಮದುವೆಯಲ್ಲೂ ಧಾರೆ ಎರೆದವರು ಚಿಕ್ಕಪ್ಪ, ಚಿಕ್ಕಮ್ಮ. ಅದು ನಿಜ. ಆದರೆ ಆಗ ಅಮ್ಮ ಎಲ್ಲಿದ್ದಳೆಂದು ಕೇಳಿದಾಗ ಅವಳು ಹೇಳಿದ್ದು, ಪಾಯಸ ತಳ ಹಿಡಿಯದಂತೆ ನೋಡಲು ಅಡುಗೆಮನೆಯಲ್ಲಿದ್ದೆ ಎಂದು. ನಾನು ಅದನ್ನೇ ನಂಬಿದ್ದೆ. ಉಗ್ರಾಣ, ಕೊಳಗ, ಕಿಟಕಿ, ಚಪ್ಪಲಿ, ಇದು ಯಾವುದನ್ನೂ ನಾನು ಯಾರಿಗೂ ಹೇಳಿರಲು ಸಾಧ್ಯವಿರಲಿಲ್ಲ. ನನಗೇ ಗೊತ್ತಿರಲಿಲ್ಲ.

ಹೊರಗೆ ಬಂದು ಸರೋಜಮ್ಮನನ್ನು ಕೇಳಿದೆ. ಅವರೂ ಅದನ್ನೇ ಹೇಳಿದರು. 'ನನ್ನ ಕೈ ಹಿಡ್ಕೊಂಡು ಸೀರೆ ಬದಲಾಯ್ಸಿ ಅಂದೋರು ನೀವೇ ಅಲ್ವಾ?' ಎಂದು ನನ್ನನ್ನೇ ತಿರುಗಿ ಕೇಳಿದರು. ಆಮೇಲೆ ಫೋಟೋಗಳು ಬಂದಾಗ ಕೂತು ಒಂದೊಂದನ್ನೂ ನೋಡಿದೆ. ನನ್ನನ್ನು ಹೋಲುವ ನೆಂಟರು ಯಾರಾದರೂ ಇದ್ದರೇ, ಮೆರೂನ್ ಸೀರೆಯವರು ಇನ್ನೊಬ್ಬರಿದ್ದರೇ ಎಂದು. ಇರಲಿಲ್ಲ. ಆ ಕೋಣೆಯಲ್ಲಿ ಆ ಹೊತ್ತಿನಲ್ಲಿ ಯಾರೂ ಫೋಟೋ ತೆಗೆದಿರಲಿಲ್ಲ.

ಅವತ್ತು ಸಂಜೆ ಮನೆಗೆ ಹೋದಾಗ ಅಮ್ಮ ಧಾರಾವಾಹಿ ನೋಡುತ್ತಿದ್ದಳು. ಪಕ್ಕದಲ್ಲಿ ಕೂತೆ.

'ಅಮ್ಮ, ನನ್ನ ಧಾರೆ ಹೊತ್ತಲ್ಲಿ ನೀನೆಲ್ಲಿದ್ದೆ?'

'ಅಡುಗೆಮನೇಲಿ. ಆವತ್ತೇ ಹೇಳಿದ್ನಲ್ಲ, ಪಾಯಸ...'

'ಉಗ್ರಾಣದಲ್ಲಿ ಕೊಳಗ ಬೋರಲು ಹಾಕ್ಕೊಂಡು ಹತ್ತಿದ್ಯಾ?'

ಅಮ್ಮ ರಿಮೋಟು ಹುಡುಕಿ ಟಿವಿ ಆರಿಸಿದಳು. 'ಬಾಗ್ಲು ಹಾಕ್ಕೊಂಡಿದ್ದೆ ಕಣೇ. ಒಂದು ನರಪಿಳ್ಳೆಯೂ ಇರ್ಲಿಲ್ಲ. ಯಾರು ಹೇಳಿದ್ರು ನಿಂಗೆ?'

'ನಾನೇ ಹೇಳಿದ್ನಂತೆ' ಎಂದೆ. ಬೇರೆ ಹೇಗೆ ಹೇಳಬೇಕೋ ತಿಳಿಯಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವಳು ಅಡ್ಡ ಬಾಯಿ ಹಾಕದೆ ಕೇಳಿದಳು. ಅಕ್ಷತೆ ಚಪ್ಪಲಿಯ ಮೇಲೆ ಬಿದ್ದ ಮಾತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಲ್ಲರೂ ಊಟಕ್ಕೆ ಹೋದ ಮೇಲೆ ತಾನು ಆ ಕಾಳುಗಳನ್ನು ಆರಿಸಿಕೊಂಡು ಬಂದು ಬಾಳೆಗಿಡದ ಬುಡಕ್ಕೆ ಹಾಕಿದೆನೆಂದಳು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: 'ಆ ಹುಡುಗಿ ಅಮ್ಮ ಎರೆದ್ಲಾ?'

'ಎರೆದ್ರು ಅಮ್ಮ.'

'ಹೂಂ' ಎಂದು ಎದ್ದು ಒಳಗೆ ಹೋದಳು.

ಆಮೇಲೆ ಎಷ್ಟೋ ದಿನ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಒಂದು ಬೆಳಿಗ್ಗೆ ಸೊಪ್ಪು ಬಿಡಿಸುತ್ತಾ ಅಮ್ಮ, 'ಅವತ್ತು ಆ ಕೋಣೆಗೆ ಹೋದೋಳು ಅದನ್ನ ಹೇಗೆ ಹೇಳಿದ್ಲಂತೆ? ನನ್ನ ಮೇಲೆ ಸಿಟ್ಟಿತ್ತಾ ಅವಳಿಗೆ? ಅತ್ತಳಾ?' ಎಂದಳು. ನಾನು ಅಲ್ಲಿರಲಿಲ್ಲವಲ್ಲ, ನನಗೇನು ಗೊತ್ತು? ಅಮ್ಮನಿಗಾಗಿ ಚೈತ್ರಾಳಿಗೆ ಫೋನು ಮಾಡಿದೆ. 'ಅಯ್ಯೋ, ನಿಮಗೇ ನೆನಪಿಲ್ವಾ ಅಕ್ಕ? ನಗ್ತಾ ಹೇಳಿದ್ರಿ. ನಮ್ಮಮ್ಮ ಆವತ್ತು ಹೇಗೆ ಕಾಣ್ತಿದ್ಲು ಗೊತ್ತಾ ಅಂತ, ಮುದ್ದು ಮಾಡೋ ಹಾಗೆ' ಎಂದಳು.

ಅಮ್ಮನಿಗೆ ಅದನ್ನು ಹೇಳಿದೆ. 'ಹಾಗಾದ್ರೆ ಸರಿ' ಎಂದು ಸೊಪ್ಪಿನ ಮೊರ ಎತ್ತಿಕೊಂಡಳು. ಮತ್ತೆಂದೂ ಕೇಳಲಿಲ್ಲ.

ಅಮ್ಮ ಈಗಿಲ್ಲ. ಆ ಛತ್ರವನ್ನೂ ಕೆಡವಿದ್ದಾರೆ, ಆ ಜಾಗದಲ್ಲಿ ಗಾಜಿನ ಗೋಡೆಯ ಅಂಗಡಿಯೊಂದು ಎದ್ದಿದೆ. ನಾನು ಬೇಕಾದಷ್ಟು ಯೋಚಿಸಿದ್ದೇನೆ, ತಿಳಿದವರನ್ನು ಕೇಳಿದ್ದೇನೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆ ಹೊತ್ತಿಗೆ ನಾನು ಮಡಿಲಲ್ಲಿ ಒದ್ದೆ ಹಾರ ಇಟ್ಟುಕೊಂಡು, ನಿಂತ ಆಟೋದಲ್ಲಿ ಕೂತಿದ್ದೆ. ಇಷ್ಟನ್ನು ಮಾತ್ರ ನಾನು ಆಣೆ ಮಾಡಿ ಹೇಳಬಲ್ಲೆ. ಅಮ್ಮನಿಗೆ ಆ ಕೋಣೆಗೆ ಹೋದವಳು ನಕ್ಕಿದ್ದಳೆಂದು ತಿಳಿದದ್ದೇ ಸಾಕಾಯಿತು. ನನಗೆ ಸಾಕಾಗಿಲ್ಲ.