ಅಜ್ಜನ ಎದೆಯ ಮೇಲೆ ಅಜ್ಜಿಯ ಕೈ

ತೀರಿಹೋದ ನಮ್ಮಜ್ಜಿ ಸಿಕಂದರಾಬಾದಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು. ನಿವೃತ್ತಿಯಾದ ಮೇಲೂ, ಮಲ್ಕಾಜ್‌ಗಿರಿಯ ನಮ್ಮ ಮನೆಗೆ ಯಾರೇ ಬರಲಿ, ಮಾತಾಡಿಸುತ್ತಲೇ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದಳು. ಜ್ವರಕ್ಕೂ ಜಗಳಕ್ಕೂ ಅವಳದು ಒಂದೇ ಮಾತು: “ಗಾಬರಿ ಆಗಬ್ಯಾಡ.” ಮಂಡಿನೋವಿನಿಂದಾಗಿ ನೆಲದ ಮೇಲೆ ಕೂರುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು.

ಒಂದು ಸಂಜೆ ಚಹಾ ಕುಡಿಯುತ್ತಿದ್ದ ಅಜ್ಜ ಕುರ್ಚಿಯಿಂದ ಜಾರಿ ಬಿದ್ದ. ಉಸಿರೇ ಇರಲಿಲ್ಲ. ಅಜ್ಜಿ ಧಡಕ್ಕನೆ ಮಂಡಿಯೂರಿ, ಎರಡೂ ಅಂಗೈಗಳಿಂದ ಅವನ ಎದೆಯನ್ನು ಒತ್ತತೊಡಗಿದಳು. ಒಳಗೆ ಏನೋ ಲಟಕ್ಕೆಂದಿತು.

“ಬಿಡು ಅಜ್ಜಿ! ಎಲುಬು ಮುರೀತು!” ಎಂದು ಕಿರುಚಿದೆ.

“ಗಾಬರಿ ಆಗಬ್ಯಾಡ. ಎಲುಬು ಕೂಡತೈತಿ. ನೀ ಆಂಬುಲೆನ್ಸ್‌ಗೆ ಫೋನ್ ಮಾಡು.”

ನನ್ನ ತಲೆ ಬಾಚುತ್ತಿದ್ದ ಮೆತ್ತನೆಯ ಕೈಗಳು ಇವೇನಾ ಎಂದು ದಂಗಾಗಿಹೋದೆ. ಆಂಬುಲೆನ್ಸ್ ಬರುವವರೆಗೂ ಅವಳು ಒತ್ತುವುದನ್ನು ನಿಲ್ಲಿಸಲಿಲ್ಲ.

ಆಸ್ಪತ್ರೆಯಲ್ಲಿ ಅಜ್ಜನಿಗೆ ಎಚ್ಚರವಾದಾಗ ನಾವಿಬ್ಬರೂ ಪಕ್ಕದಲ್ಲಿದ್ದೆವು.

“ಎದಿ ಭಾಳ ನೋಯಾಕತ್ತೈತಿ. ಯಾರು ಹೊಡದ್ರು ನನಗ?” ಎಂದ.

“ನಾನರೀ,” ಎಂದವಳೇ ಅಜ್ಜಿ ಸೆರಗನ್ನು ಬಾಯಿಗೊತ್ತಿಕೊಂಡು, ವಾರ್ಡಿನವರೆಲ್ಲರ ಎದುರು ಬಿಕ್ಕಿಬಿಕ್ಕಿ ಅಳತೊಡಗಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.