ಬಾಯಿ ಕೆಳಗಾದ ಜೇಬು

ನಮ್ಮ ಮನೆಯ ಹೊಲಿಗೆ ಯಂತ್ರದ ಮೇಲೆ ಒಂದು ಚೀಲ ಕೂತಿದೆ. ಹೊರಗೆ ಗುಬ್ಬಿ ಪೇಟೆಯಲ್ಲಿ ಕೊಂಡ ನೀಲಿ ದಪ್ಪ ಬಟ್ಟೆ, ಒಳಗೆ ತೀರಿಹೋದ ಅವ್ವನ ನೂಲಿನ ಸೀರೆಯ ಅಸ್ತರು, ಒಂದು ರಾತ್ರಿಯ ಬಟ್ಟೆಬರೆ ಹಿಡಿಯುವಷ್ಟು ಹೊಟ್ಟೆ. ಹೊಲಿದವನು ನಾನೇ. ನಿವೃತ್ತಿಯಾದ ಮೇಲೆ ಯಂತ್ರ ತುಳಿಯಲು ಕಲಿತ ಗುಮಾಸ್ತನ ಕೈಗೆ ಹೊಲಿಗೆ ಎಷ್ಟು ನೇರ ಬರಬೇಕೋ ಅಷ್ಟೇ ಬಂದಿದೆ, ನಗಬೇಡಿ.

ಇದು ಕುಣಿಗಲ್ಲಿನಲ್ಲಿರುವ ನನ್ನ ಅಕ್ಕನಿಗೆ. ತಿಂಗಳಿಗೊಮ್ಮೆ ಅವಳು ತುಮಕೂರಿನ ಆಸ್ಪತ್ರೆಗೆ ಬಂದು, ಔಷಧಿ ಏರಿಸಿಕೊಂಡು, ಒಂದು ರಾತ್ರಿ ಉಳಿಯಬೇಕು. ಬೆಳಗ್ಗೆ ಲಿಂಗಪೂಜೆಯಾಗದೆ ತೊಟ್ಟು ನೀರೂ ಮುಟ್ಟುವವಳಲ್ಲ. ಕಳೆದ ಸಲ ಜೊತೆಗಿದ್ದ ನಾನು, ಹಾಳು ಗಡಿಬಿಡಿಯಲ್ಲಿ, ಅವಳ ವಿಭೂತಿಯೂ ಪೂಜೆಯ ವಸ್ತ್ರವೂ ಇದ್ದ ಪ್ಲಾಸ್ಟಿಕ್ ಕವರಿಗೇ ಚಪ್ಪಲಿ ತುರುಕಿದೆ. ಅವಳು ಬಯ್ಯಲಿಲ್ಲ. ಪೂಜೆಯಿಲ್ಲದೆ ದಿನವಿಡೀ ಉಪವಾಸವಿದ್ದು, ಬಸ್ಸು ಹತ್ತುವಾಗ, "ಸಾಕು ಬುಡ್ಲಾ, ಇನ್ನು ಬರಲ್ಲ ನಾನು" ಎಂದಳು. ಚಿಕಿತ್ಸೆ ಬಿಟ್ಟರೆ ಅವಳು ಉಳಿಯುವುದಿಲ್ಲವೆಂದು ಡಾಕ್ಟರು ನನಗೆ ಹೇಳಿದ್ದರು.

ಹಾಗಾಗಿ ಈ ಚೀಲ. ಚಪ್ಪಲಿಗೆ ತಳದಲ್ಲಿ ಬೇರೆಯೇ ಖಾನೆ, ದೇವರ ಸಾಮಾನಿಗೆ ಎಲ್ಲಕ್ಕಿಂತ ಮೇಲೆ ಅವ್ವನ ಸೀರೆಯ ಜೇಬು. ಚೀಲವನ್ನು ಒಳಗು ಹೊರಗಾಗಿಸಿ ಹೊಲಿದು ಕೊನೆಗೆ ಮಗುಚಬೇಕು. ನಮ್ಮ ಪಶ್ಚಾತ್ತಾಪಗಳೂ ಹೀಗೆಯೇ ಇರಬಹುದು. ಹೊಲಿಯುವಷ್ಟು ಹೊತ್ತು ಎಲ್ಲ ಸರಿಯಾಗಿಯೇ ಕಾಣುತ್ತದೆ, ಮಗುಚಿದಾಗಲೇ ಅದು ಯಾರ ಸಮಾಧಾನಕ್ಕೆಂದು ತಿಳಿಯುವುದು.

"ಸುಮ್ಮನೆ ಬಂದು ಹೋಗು" ಎಂದು ಅಕ್ಕನನ್ನು ಕರೆಸಿ, ಅವಳೆದುರೇ ಚೀಲ ಮಗುಚಿದೆ. ಅಸ್ತರಿಗೆ ಜೇಬನ್ನು ತಲೆಕೆಳಗಾಗಿ ಹಿಡಿದು ಹೊಲಿದುಬಿಟ್ಟಿದ್ದೆ. ದೇವರ ಜೇಬಿನ ಬಾಯಿ ನೇರ ಚಪ್ಪಲಿಯ ಖಾನೆಯ ಕಡೆಗೆ ತೆರೆದುಕೊಂಡಿತ್ತು. ಅರವತ್ತು ದಾಟಿದ ನನಗೆ ಅಳುವೇ ಬಂತು.

ಅಕ್ಕ ಸೀರೆಯನ್ನು ಸವರಿದಳು. "ಅವ್ವಂದಲ್ವೇನೋ ಇದು" ಎಂದಳು. ಆಮೇಲೆ, "ಚಿಕ್ಕೋನಿದ್ದಾಗ್ಲೂ ಚಡ್ಡಿ ಹಿಂದುಮುಂದಾಗೇ ಹಾಕೋತಿದ್ದೆ. ಸೂಜಿ ಕೊಡಿಲ್ಲಿ."

ಆಸ್ಪತ್ರೆಯ ಸೂಜಿಗಳಿಂದ ನೀಲಿಗಟ್ಟಿದ ಅದೇ ಕೈಯಲ್ಲಿ ಕಿಟಕಿಯ ಬಳಿ ಕೂತು ಜೇಬಿನ ಹೊಲಿಗೆ ಬಿಚ್ಚಿದಳು, ತಿರುಗಿಸಿ ತಾನೇ ಹೊಲಿದಳು. ಮಧ್ಯಾಹ್ನವೆಲ್ಲ ಹಿಡಿಯಿತು. ಆಸ್ಪತ್ರೆಗೆ ಬರುತ್ತೀಯಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ದಾರ ಕಡಿದು, ಚೀಲದೊಳಗೆ ಕೈ ಹಾಕಿ ನೋಡಿ, ಅವಳೇ ಕೇಳಿದಳು:

"ಇನ್ನೊಂದು ಸೀರೆಗೆ ಜಾಗ ಇಲ್ವೇನ್ಲಾ?"

"ಒಂದು ರಾತ್ರಿಗೆ ಎರಡು ಸೀರೆ ಯಾಕಕ್ಕ?"

"ವಾಪಸ್ ಬರುವಾಗ ಉಡೋಕೆ ಒಂದು ಒಳ್ಳೇದು ಬೇಡ್ವಾ?"

ಅಸ್ತರಿನಲ್ಲಿ ನನ್ನ ತಪ್ಪು ಹೊಲಿಗೆಯ ತೂತುಗಳು ಹಾಗೇ ಉಳಿದಿವೆ. ಪುಣ್ಯಕ್ಕೆ ಬದಿಗಳಲ್ಲಿ ಹೆಚ್ಚಿನ ಬಟ್ಟೆ ಬಿಟ್ಟಿದ್ದೆ. ಈಗ ಚೀಲವನ್ನು ಎರಡು ಬೆರಳಷ್ಟು ಅಗಲ ಮಾಡಲು ಕೂತಿದ್ದೇನೆ.