ಎಡಗೈಗೆ ಹೊಲಿದ ಕುಲಾವಿ

ಮೊನ್ನೆ ಸೋಮವಾರ ಚಾಮರಾಜಪೇಟೆಯ ಪೂಜಾ ಸಾಮಾನಿನ ಅಂಗಡಿಯೊಂದರಲ್ಲಿ ವಿಭೂತಿ ಗಟ್ಟಿ ಕೊಳ್ಳಲು ನಿಂತಿದ್ದೆ. ಅಂಗಡಿಯ ಹುಡುಗ ಎರಡು ಬಗೆಯದನ್ನು ಮುಂದಿಟ್ಟು, "ಇದು ಸೆಂಟ್ ಹಾಕಿರೋದು ಮೇಡಂ, ಘಮ್ ಅಂತಿರುತ್ತೆ. ಇದು ಹಳೇ ಥರದ್ದು. ಯಾವ್ದು ಕೊಡ್ಲಿ?" ಎಂದ. ಹಳೆಯದನ್ನು ಎತ್ತಿ ಮೂಗಿನ ಹತ್ತಿರ ಹಿಡಿದೆ. ವಿಭೂತಿಗೂ ವಾಸನೆ ಇರುತ್ತದೆಯೇ ಎಂದು ನೀವು ಕೇಳಬಹುದು. ಇರುತ್ತದೆ. ಬಿಸಿಲಿಗೆ ಒಣಗಿದ ಸುಣ್ಣದ ಗೋಡೆ, ಒಂದಿಷ್ಟು ಹೊಗೆ, ಆಗತಾನೇ ಸ್ನಾನ ಮಾಡಿ ಬಂದ ಅಪ್ಪಾಜಿ, ಇಷ್ಟೂ ಸೇರಿದರೆ ಆಗುವ ವಾಸನೆ ಅದು. ಕಡೆಯದು ಎಲ್ಲರ ಮೂಗಿಗೂ ಸಿಗುವುದಿಲ್ಲ, ಬಿಡಿ. ನನಗೆ ಸಿಕ್ಕಿತು. ಹುಡುಗ ಮತ್ತೆ ಕೇಳಿದ ಮೇಲೇ ನನಗೆ ಎಚ್ಚರವಾದದ್ದು.

ನಮ್ಮ ಹಳೆಯ ಮನೆ ಇದ್ದದ್ದು ಆ ಅಂಗಡಿಯಿಂದ ಕೂಗಳತೆಯಲ್ಲಿ. ಅಪ್ಪಾಜಿಗೆ ಅಕ್ಕಿಪೇಟೆಯಲ್ಲಿ ಅಕ್ಕಿ ಮಂಡಿ. ಮನೆಯಲ್ಲಿ ಅವರು, ಅಮ್ಮ, ನಾನು, ನನಗಿಂತ ಎರಡು ವರ್ಷಕ್ಕೆ ಚಿಕ್ಕವನಾದ ತಮ್ಮ ಈಶ. ಜನ ಕಡಿಮೆ, ನಿಯಮ ಜಾಸ್ತಿ. ಹೊಸಿಲ ಮೇಲೆ ಕೂರಬಾರದು. ಹಿರಿಯರ ಎದುರು ಕಾಲು ಚಾಚಬಾರದು. ತಟ್ಟೆಯಲ್ಲಿ ಒಂದು ಅಗುಳೂ ಬಿಡಬಾರದು, ಅಕ್ಕಿ ಮಾರುವವರ ಮನೆಯಲ್ಲಂತೂ ಬಿಡಲೇಬಾರದು. ದೀಪ ಹಚ್ಚುವ ಹೊತ್ತಿಗೆ ಕೈಕಾಲು ತೊಳೆದು ಒಳಗಿರಬೇಕು. ಅಪ್ಪಾಜಿ ನಮ್ಮನ್ನು ಹೊಡೆದವರಲ್ಲ, ಕೂಗಿದವರೂ ಅಲ್ಲ. ಕನ್ನಡಕ ತೆಗೆದು ಮಡಿಸಿ ಪಕ್ಕಕ್ಕಿಟ್ಟರೆ ಸಾಕು, ನಾವು ಮಾಡದ ತಪ್ಪುಗಳೂ ನೆನಪಿಗೆ ಬರುತ್ತಿದ್ದವು.

ನಾನು ಹೇಳಿದ ಮಾತು ಕೇಳುವ ಮಗು. ನನ್ನಲ್ಲಿ ಬೇರೆ ಪ್ರತಿಭೆ ಯಾವುದೂ ಇರಲಿಲ್ಲವಾದ್ದರಿಂದ ಅದೊಂದನ್ನೇ ಚೆನ್ನಾಗಿ ಬೆಳೆಸಿಕೊಂಡಿದ್ದೆ. ಯಾರಾದರೂ "ಅಲ್ಲೇ ನಿಂತಿರು" ಎಂದು ಹೇಳಿ ಮರೆತುಬಿಟ್ಟರೆ ಸಂಜೆಯವರೆಗೂ ನಿಂತಿರುತ್ತಿದ್ದೆನೇನೋ. ಸ್ಕೂಲಿನಲ್ಲಿ ಅದಕ್ಕೆ ಒಳ್ಳೆಯ ಬೆಲೆ ಇತ್ತು. ನನ್ನ ಉಗುರು, ನನ್ನ ಜಡೆ, ನನ್ನ ಕಾಪಿ ಬರಹ, ಎಲ್ಲವೂ ಬೇರೆಯವರಿಗೆ ತೋರಿಸುವ ಮಾದರಿಗಳಾಗಿದ್ದವು. ಈಗ ನೆನೆದರೆ ನಗು ಬರುತ್ತದೆ. ಆ ಮಾದರಿ ಮಗುವಿನ ಮುಖ ಮಾತ್ರ ನನಗೆ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ನೆನಪಾಗುವುದು ಈಶನ ಮುಖ. ಅವನು ಎಡಚ. ಬಳಪ ಹಿಡಿಯುವುದು, ಗೋಲಿ ಹೊಡೆಯುವುದು, ಬಾಗಿಲ ಚಿಲಕ ತೆಗೆಯುವುದು, ಎಲ್ಲಕ್ಕೂ ಎಡಗೈ. ಸ್ಕೂಲಿಗೆ ಸೇರುವ ಮೊದಲೇ ಹಿತ್ತಲಿನ ಕಲ್ಲುಚಪ್ಪಡಿಯ ತುಂಬ ಬಸ್ಸು, ಎತ್ತಿನ ಗಾಡಿ, ಗಾಡಿಯ ಮೇಲೆ ಅಕ್ಕಿ ಮೂಟೆ, ಮೂಟೆಯ ಮೇಲೆ ಕಾಗೆ ಬರೆಯುತ್ತಿದ್ದ. ಅಮ್ಮ ಪಾತ್ರೆ ತೊಳೆಯಲು ಬಂದವಳು ಕಾಗೆಯ ಮೇಲೆ ನೀರು ಬೀಳದ ಹಾಗೆ ಪಕ್ಕಕ್ಕೆ ಸರಿದು ಕೂರುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಆದರೆ ಊಟಕ್ಕೆ ಕೂತಾಗ ಅವನ ಎಡಗೈ ತಟ್ಟೆಯ ಕಡೆ ಹೊರಟರೆ ಅದೇ ಅಮ್ಮ ಮಣಿಕಟ್ಟಿನ ಮೇಲೆ ಮೆಲ್ಲಗೆ ಒಂದು ಏಟು ಹಾಕುತ್ತಿದ್ದಳು.

ಅವನ ಎರಡನೇ ಕ್ಲಾಸಿಗೆ ಕಮಲಾ ಮಿಸ್ ಬಂದರು. ಇಸ್ತ್ರಿ ಮಾಡಿದ ಕಾಟನ್ ಸೀರೆ, ನೆಟ್ಟಗಿನ ಬೆನ್ನು, ಬೋರ್ಡಿನ ಮೇಲೆ ಅಚ್ಚು ಹಾಕಿದಂಥ ಅಕ್ಷರ. ಹಿಂದೆ ನನಗೂ ಅವರೇ ಕಲಿಸಿದ್ದರು, ನನಗೆ ಅವರೆಂದರೆ ಪ್ರಾಣ. ಒಂದು ದಿನ ಸ್ಕೂಲು ಬಿಡುವ ಹೊತ್ತಿಗೆ ಅಮ್ಮನನ್ನು ಬರಹೇಳಿ, "ಇವನಿಗೆ ಬಲಗೈ ರೂಢಿ ಮಾಡಿಸ್ಬೇಕು ಕಣ್ರೀ. ಈಗ ಬಿಟ್ರೆ ಆಮೇಲೆ ಕಷ್ಟ. ಎಡಗೈಗೆ ಏನಾದ್ರೂ ಕಟ್ಟಿ ಕಳಿಸಿ, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಎಂದರು. ಅಮ್ಮ ಮನೆಗೆ ಬಂದು ಹೇಳಿದಾಗ ಅಪ್ಪಾಜಿ, "ಮಿಸ್ ಹೇಳಿದ್ಮೇಲೆ ಮುಗೀತಲ್ಲ, ಕಟ್ಟು" ಎಂದರು. ಆ ಕಾಲದ ಅಪ್ಪ ಅಮ್ಮಂದಿರು ಹಾಗೆಯೇ. ಮಗುವಿನ ಕೈ ಹಿಡಿದು ಸ್ಕೂಲಿನ ಬಾಗಿಲವರೆಗೆ ತಂದು, ಅಲ್ಲಿ ಆ ಕೈಯನ್ನು ಮೇಷ್ಟರ ಕೈಗೆ ಕೊಟ್ಟು ಹಿಂತಿರುಗಿ ನೋಡದೆ ಹೋಗುವುದನ್ನೇ ನಂಬಿಕೆ ಎಂದುಕೊಂಡಿದ್ದರು.

ಅಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಕೂತಳು. ತನ್ನ ಹಳೆಯ ಸೀರೆಯಲ್ಲಿ ಎಲ್ಲಕ್ಕಿಂತ ಮೆತ್ತಗಿನದನ್ನು ಹುಡುಕಿ, ಕೈಗೆ ನವೆಯಾಗಬಾರದೆಂದು ಒಳಗೊಂದು ಪದರ ಕೊಟ್ಟು, ಮಣಿಕಟ್ಟಿನ ಹತ್ತಿರ ಲಾಡಿ ಇಟ್ಟು, ಬೆರಳುಗಳನ್ನೆಲ್ಲ ಮುಚ್ಚುವಂಥದ್ದೊಂದನ್ನು ಹೊಲಿದಳು. ನೋಡಿದರೆ ಹಸುಗೂಸಿನ ತಲೆಗೆ ಹಾಕುವ ಕುಲಾವಿಯಂತೆಯೇ ಇತ್ತು. ಅದರ ಮೇಲೆ ಕೆಂಪು ನೂಲಿನಲ್ಲಿ ಒಂದು ಹೂವು ಬೇರೆ. "ಬಾ ಕಂದ, ಕೈಗೆ ಕುಲಾವಿ ಹಾಕ್ತೀನಿ" ಎಂದಾಗ ಈಶ ನಗುತ್ತಲೇ ಕೈ ಕೊಟ್ಟ. ಆಟ ಎಂದುಕೊಂಡಿದ್ದ.

ದಿನಾ ಬೆಳಿಗ್ಗೆ ಅಮ್ಮ ಕಟ್ಟುವುದು, ಸಂಜೆ ಬಿಚ್ಚುವುದು. ಮೊದಮೊದಲು ಅವನು ಹಟ ಮಾಡಿದ, ಆಮೇಲೆ ತಾನಾಗಿಯೇ ಕೈ ಚಾಚಿ ನಿಲ್ಲತೊಡಗಿದ. "ನೋಡಿ, ಎಷ್ಟು ಜಾಣ ಆಗಿದಾನೆ" ಎಂದು ಅಮ್ಮ ಅಪ್ಪಾಜಿಗೆ ತೋರಿಸಿದಳು. ಬಲಗೈಯಲ್ಲಿ ಅವನು ಬರೆದ ಅಕ್ಷರಗಳು ಬೆಟ್ಟ ಹತ್ತುತ್ತಿದ್ದವು, ಇಳಿಯುತ್ತಿದ್ದವು. ಬರೆದು ಮುಗಿಯದೆ ಊಟದ ಬೆಲ್ ಹೊಡೆದ ಮೇಲೂ ಕ್ಲಾಸಿನಲ್ಲೇ ಕೂತಿರುತ್ತಿದ್ದ. ಹಿತ್ತಲಿನ ಚಪ್ಪಡಿ ಖಾಲಿಯಾಯಿತು. ಭಾನುವಾರ ಕೈ ಬಿಚ್ಚಿದ್ದಾಗಲೂ ಬಸ್ಸಿಲ್ಲ, ಕಾಗೆಯಿಲ್ಲ. ಆಮೇಲೆ ಅವನ ಮಾತು ತಡೆಯತೊಡಗಿತು. ನನ್ನನ್ನು ಕರೆಯಲು ಬಾಯಿ ತೆರೆದರೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಿದ್ದ. "ಅ… ಅ…" ಎಂದು ಅವನ ಕಣ್ಣು ತುಂಬುವವರೆಗೆ ನಾನು ಏನು ಮಾಡಲೂ ತೋಚದೆ ಕಾಯುತ್ತಿದ್ದೆ.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಎಂದರೆ ಅಪ್ಪಾಜಿ ಪೂಜೆಗೆ ಕೂತಾಗ ಮಾತಾಡಬಾರದು ಎನ್ನುವುದು. ಅವರು ಸ್ನಾನ ಮಾಡಿ, ಮಣೆಯ ಮೇಲೆ ಕೂತು, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈ ಮೇಲಿಟ್ಟುಕೊಳ್ಳುತ್ತಿದ್ದರು. ಬಲಗೈಯಿಂದ ನೀರೆರೆದು, ಪತ್ರೆ ಏರಿಸಿ, ಅದನ್ನೇ ನೋಡುತ್ತ ಕೂರುತ್ತಿದ್ದರು. ಅಷ್ಟು ಹೊತ್ತು ಮನೆಯೇ ಉಸಿರು ಬಿಗಿಹಿಡಿದ ಹಾಗೆ. ಒಂದು ಬೆಳಿಗ್ಗೆ ಪ್ರಸಾದಕ್ಕೆಂದು ನಾವಿಬ್ಬರೂ ಎದುರಿಗೆ ಕೂತಿದ್ದೆವು, ಅವನ ಕೈಗೆ ಆಗಲೇ ಕುಲಾವಿ ಕಟ್ಟಿತ್ತು. ಈಶ ಅಪ್ಪಾಜಿಯ ಅಂಗೈಯನ್ನು ನೋಡಿದ, ತನ್ನ ಕೈಯನ್ನು ನೋಡಿಕೊಂಡ. ಮತ್ತೆ ಅಪ್ಪಾಜಿಯ ಅಂಗೈ.

"ಅ… ಅಪ್ಪಾಜಿ," ಎಂದ. "ನಿಮ್ ದೇವ್ರೂ ಎಡಗೈಲೇ ಇದಾನಲ್ಲ. ನಿಮ್ ಮಿಸ್ ಬೈಯಲ್ವಾ?"

ಅಡುಗೆಮನೆಯಲ್ಲಿ ಅಮ್ಮನ ಸೌಟಿನ ಸದ್ದು ನಿಂತಿತು. ಅಪ್ಪಾಜಿ ತಮ್ಮ ಅಂಗೈಯನ್ನೇ ನೋಡುತ್ತಿದ್ದರು. ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು, ಒದ್ದೆ ಕೈಯಲ್ಲೇ ಈಶನನ್ನು ಹತ್ತಿರಕ್ಕೆಳೆದುಕೊಂಡು ಲಾಡಿ ಬಿಚ್ಚಿದರು. ಬೆರಳುಗಳು ಬೆವರಿ ಬಿಳುಚಿಕೊಂಡಿದ್ದವು. ಅವನ್ನು ಒಂದೊಂದಾಗಿ ತಿಕ್ಕಿದರು. "ಇವತ್ತು ಸ್ಕೂಲಿಗೆ ನಾನೂ ಬರ್ತೀನಿ" ಎಂದರು, ಅಷ್ಟೇ.

ಮಂಡಿ ತೆರೆಯುವ ಹೊತ್ತನ್ನು ಅಪ್ಪಾಜಿ ತಪ್ಪಿಸಿದ್ದನ್ನು ನಾನು ಕಂಡದ್ದು ಅವತ್ತೊಂದೇ ಸಲ. ನಾವು ಮೂವರೂ ನಡೆದುಕೊಂಡು ಹೋದೆವು. ಕ್ಲಾಸಿನ ಬಾಗಿಲಲ್ಲಿ ಅಪ್ಪಾಜಿ ಚಪ್ಪಲಿ ಬಿಟ್ಟು ನಿಂತು ಕೈ ಮುಗಿದರು.

"ಮಿಸ್, ಇನ್ಮೇಲೆ ಇವನ ಕೈ ಕಟ್ಟೋದು ಬೇಡ."

ಕಮಲಾ ಮಿಸ್ ಆಶ್ಚರ್ಯಪಟ್ಟರು. "ಈಗೀಗ ಪಳಗ್ತಾ ಇದಾನಲ್ಲ? ನೀವೂ ಒಪ್ಪಿದ್ರಿ ಅಂತ ನಿಮ್ ಮನೆಯವ್ರು ಹೇಳಿದ್ರು."

"ಒಪ್ಪಿದ್ದೆ. ನಂದೇ ತಪ್ಪಾಯ್ತು."

ಮಗನ ಎದುರಿಗೆ, ತಮಗಿಂತ ಎಷ್ಟೋ ಚಿಕ್ಕವರಾದ ಟೀಚರ್ ಮುಂದೆ, ಬೆಂಚುಗಳ ಮೇಲಿದ್ದ ಅಷ್ಟೂ ಮಕ್ಕಳಿಗೆ ಕೇಳಿಸುವಂತೆ ಅಪ್ಪಾಜಿ ಆ ಮಾತು ಹೇಳಿದರು. ದೊಡ್ಡವರಿಗೂ ಆ ಮಾತು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮಿಸ್ ಮುಖ ಕೆಂಪಾಯಿತು. "ನನಗೇನು ಹಟ ಇಲ್ಲ ಸರ್. ಪಕ್ಕದವರಿಗೆ ಮೊಣಕೈ ತಾಗುತ್ತೆ, ಬರೆದಿದ್ದೆಲ್ಲ ಅಳಿಸಿಹೋಗುತ್ತೆ, ನಾಲ್ಕು ಜನ ನಗ್ತಾರೆ. ಅದು ಬೇಡ ಅಂತ ಅಷ್ಟೆ."

"ಗೊತ್ತು ಮಿಸ್. ಇವನಿಗೆ ಒಳ್ಳೇದಾಗ್ಲಿ ಅಂತ್ಲೇ ನೀವು ಹೇಳಿದ್ದು, ನಾವು ಕಟ್ಟಿದ್ದು. ಆದ್ರೆ ಮಗುಗೆ ಮಾತೇ ನಿಂತ್ಹೋಗ್ತಿದೆ."

ಅವರು ಈಶನ ಕಡೆ ನೋಡಿದರು. ಹಾಗೆ ನೋಡಿದ್ದು ಅದೇ ಮೊದಲೇನೋ ಎನ್ನಿಸಿತು ನನಗೆ. ಆಮೇಲೆ, "ಈಶ, ಬಾ ಇಲ್ಲಿ. ಈ ಬೆಂಚಲ್ಲಿ ಎಡಗಡೆ ತುದಿಗೆ ಕೂತ್ಕೋ. ಇಲ್ಲಿ ನಿನ್ ಮೊಣಕೈ ಯಾರಿಗೂ ತಾಗಲ್ಲ" ಎಂದರು. ಸಂಜೆ ಅವನ ಸ್ಲೇಟನ್ನು ವಾರೆಯಾಗಿ ತಿರುಗಿಸಿ, ಬರೆದದ್ದು ಅಳಿಸದಂತೆ ಕೈ ಇಡುವುದು ಹೇಗೆಂದು ಅವರೇ ಹೇಳಿಕೊಟ್ಟರಂತೆ. ಅವರ ಮೇಲಿನ ನನ್ನ ಪ್ರೀತಿ ಕಡಿಮೆಯಾಗುವ ಪ್ರಸಂಗ ಹಾಗಾಗಿ ಬರಲೇ ಇಲ್ಲ.

ರಾತ್ರಿ ಬಡಿಸುವಾಗ ಅಮ್ಮ, "ಬರೆಯೋದು ನಿನ್ನಿಷ್ಟ, ಊಟ ಮಾತ್ರ ಬಲಗೈಲಿ" ಎಂದಳು. ಈಶ ಅದನ್ನು ಕೊನೆಯವರೆಗೂ ಪಾಲಿಸಿದ. ಕುಲಾವಿ ಅಡುಗೆಮನೆ ಸೇರಿ, ಬಿಸಿ ಪಾತ್ರೆ ಇಳಿಸುವ ಬಟ್ಟೆಯಾಗಿ, ಮಸಿ ಹಿಡಿದು, ಹೂವು ಕಾಣದಂತಾಗಿ, ಒಂದು ದಿನ ಹರಿದುಹೋಯಿತು.

ಚಪ್ಪಡಿಯ ಮೇಲೆ ಕಾಗೆ ಮತ್ತೆ ಬಂತು, ಆದರೆ ತಡವಾಗಿ. ಈಶ ದೊಡ್ಡವನಾಗಿ ಡ್ರಾಯಿಂಗ್ ಮೇಷ್ಟ್ರಾದ, ತ್ಯಾಗರಾಜನಗರದಲ್ಲಿ ಮನೆ ಮಾಡಿದ. ಅವನೇನೂ ಸಲೀಸಾಗಿ ಬಿಡುವ ಮೇಷ್ಟ್ರಲ್ಲ. ಬ್ರಷ್ ತೊಳೆಯದೆ ಇಟ್ಟ ಮಕ್ಕಳನ್ನು ಅವನು ಗದರಿಸುವುದು ರಸ್ತೆಗೆ ಕೇಳಿಸುತ್ತಿತ್ತಂತೆ. "ಏನೋ ಈಶ, ನೀನೇ ಹೀಗಾ?" ಎಂದು ರೇಗಿಸಿದರೆ, "ಶಿಸ್ತು ಬೇಕು ಅಕ್ಕ. ಗದರಿಸೋಕೆ ಮುಂಚೆ ಆ ಮಗು ಮುಖ ಒಂದ್ಸಲ ನೋಡ್ಬೇಕು, ಅಷ್ಟೆ" ಎನ್ನುತ್ತಿದ್ದ. ಮಾತಿನ ತಡೆ ಹೋಯಿತು, ಪೂರ್ತಿ ಹೋಗಲಿಲ್ಲ. ಫೋನ್ ಎತ್ತಿದಾಗ ಆ ಕಡೆಯಿಂದ ಮೊದಲು ಒಂದು ಚಿಕ್ಕ ಮೌನ ಬರುತ್ತಿತ್ತು. ಅದರಿಂದಲೇ ಅವನೆಂದು ನನಗೆ ತಿಳಿಯುತ್ತಿತ್ತು. ಆಮೇಲೆ ಬರುತ್ತಿತ್ತು, "ಅಕ್ಕ".

ಹೋದ ವರ್ಷ ಅವನೂ ಹೋದ. ಅಪ್ಪಾಜಿ, ಅಮ್ಮ ಅದಕ್ಕೆ ಎಷ್ಟೋ ಮೊದಲೇ ಹೋಗಿದ್ದರು. ನಮ್ಮ ಪದ್ಧತಿಯಂತೆ ಅವನನ್ನು ಕೂರಿಸಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟರು. ಸ್ವಾಮಿಗಳು ಅವನ ಬೆರಳುಗಳನ್ನು ಮೆಲ್ಲಗೆ ಬಿಡಿಸುತ್ತಿದ್ದಾಗ ನಾನು ಬೇರೆ ಕಡೆ ತಿರುಗಿದೆ.

ಮೊನ್ನೆ ಅಂಗಡಿಯಿಂದ ಹೊರಟವಳು ಬಸ್ ಸ್ಟಾಪಿನ ಕಡೆ ಹೋಗಬೇಕಿತ್ತು, ಸ್ಕೂಲಿನ ರಸ್ತೆಗೆ ತಿರುಗಿದೆ. ಕಟ್ಟಡ ಹೊಸದು, ಕಾಂಪೌಂಡು ಎತ್ತರ. ಬಿಡುವ ಹೊತ್ತು, ಗೇಟಿನ ತುಂಬ ತಾಯಂದಿರು, ಆಟೋಗಳು. ಒಬ್ಬ ತಾಯಿ ಮಗಳ ಬ್ಯಾಗ್ ಕಿತ್ತುಕೊಂಡು, "ಮಿಸ್ ಏನ್ ಹೇಳಿದ್ರು ಗೊತ್ತಾ ನಿನ್ ಬಗ್ಗೆ?" ಎಂದು ಜೋರು ಮಾಡುತ್ತಲೇ ಅವಳ ಕೆನ್ನೆಗಂಟಿದ್ದ ಇಂಕನ್ನು ಸೆರಗಿನಿಂದ ಒರೆಸುತ್ತಿದ್ದಳು. ಹಿಂದೆಲ್ಲ ಇಂಥದ್ದನ್ನು ಕಂಡರೆ ನಿಂತು ಬುದ್ಧಿ ಹೇಳುವ ಚಪಲ ನನಗೆ ಇತ್ತು. ಈ ಸಲ ಆ ಸೆರಗನ್ನೇ ನೋಡುತ್ತ ನಿಂತೆ. ನನ್ನನ್ನು ಹಾಗೆ ಬೈಯುತ್ತಲೇ ಮುಖ ಒರೆಸುವವರು ಈ ಊರಿನಲ್ಲಿ ಒಬ್ಬರೂ ಉಳಿದಿಲ್ಲ ಎನ್ನುವುದು ಅಲ್ಲಿ ನಿಂತಾಗ ತಿಳಿಯಿತು.

ಗೇಟಿನ ವಾಚ್‌ಮನ್ ಹತ್ತಿರ ಬಂದ. "ಯಾರನ್ನ ಕರ್ಕೊಂಡ್ ಹೋಗ್ಬೇಕಮ್ಮ? ಹೆಸರು ಹೇಳಿ, ಮೈಕಲ್ಲಿ ಕೂಗ್ತೀನಿ."

ಹೆಸರು ನಾಲಿಗೆಯ ತುದಿಗೆ ಬಂದಿತ್ತು.

"ಬೇಡಪ್ಪ" ಎಂದೆ. "ಸುಮ್ನೆ ನೋಡ್ತಿದೀನಿ."

ಅವನು ಏನಂದುಕೊಂಡನೋ, ಒಳಗಿನಿಂದ ತನ್ನ ಪ್ಲಾಸ್ಟಿಕ್ ಕುರ್ಚಿ ತಂದು ನೆರಳಿಗೆ ಹಾಕಿದ. ಕಡೆಯ ಮಗು ಮನೆಗೆ ಹೋಗುವವರೆಗೂ ಕೂತಿದ್ದೆ.